ಜಗಳಗಂಟ ಔದು ಅಂದ ದಿನ

ಜಗಳಗಂಟ ಅನ್ನುವ ಪದವನ್ನು ಈಗಿನವರು ಬೇಕಾಬಿಟ್ಟಿ ಬಳಸುತ್ತಾರೆ. ಬೆಟ್ಟದಪುರದಲ್ಲಿ ಆಗ ಹಾಗಿರಲಿಲ್ಲ. ಹೊಲದ ಬದುವಿಗಾಗಿ ಬಡಿದಾಡುವವನಿಗೆ ಆ ಪದ ಸಲ್ಲದು, ಅವನು ವ್ಯಾಜ್ಯಗಾರ. ಕೂತರೆ ನಿಂತರೆ ಬೈಯುವವನು ಬರೀ ಬಾಯಿಬಡುಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ಮೊಂಡ, ಅಷ್ಟೇ. ಜಗಳಗಂಟ ಅಂದರೆ ಅವನ ಜಾಡೇ ಬೇರೆ. 'ಏನು ಸೆಕೆಯಪ್ಪಾ' ಅಂದರೆ 'ಎಲ್ಲಿದೆ ಸೆಕೆ?' ಅನ್ನಬೇಕು. 'ಸರಿ, ಸೆಕೆ ಇಲ್ಲ ಬಿಡು' ಅಂದರೆ 'ಮೈಯೆಲ್ಲ ಬೆವರು ಸುರೀತಾ ಇದೆ, ಸೆಕೆ ಇಲ್ಲ ಅಂತ ಹೆಂಗೆ ಹೇಳ್ತೀಯ?' ಅನ್ನಬೇಕು. ಗೆದ್ದರೆ ಲಾಭವಿಲ್ಲ, ಸೋತರೆ ನಷ್ಟವಿಲ್ಲ, ಆದರೂ ಹೊತ್ತು ಮುಳುಗುವ ತನಕ ಬಿಡಬಾರದು. ಅಂಥವನು ಆ ಊರಿಗೆಲ್ಲ ಒಬ್ಬನೇ ಇದ್ದ, ಮಹದೇವಯ್ಯ. ಅವನಿರುವ ತನಕ ಆ ಪದವನ್ನು ಬೇರೆಯವರಿಗೆ ಹಚ್ಚಲು ಊರಿನವರಿಗೇ ನಾಚಿಕೆಯಾಗುತ್ತಿತ್ತು.

ಈ ಮಹದೇವಯ್ಯನ ಹೆಂಡತಿ ಸಿದ್ದಲಿಂಗಮ್ಮ. ತನ್ನಷ್ಟು ಮೆದು ಮಾತಿನ ಹೆಂಗಸು ಪಿರಿಯಾಪಟ್ಟಣದ ಸೀಮೆಯಲ್ಲೇ ಇಲ್ಲ ಎಂದು ಅವಳು ನಂಬಿದ್ದಳು. ಯಾರಾದರೂ ಇದನ್ನು ಒಪ್ಪದಿದ್ದರೆ, ಒಪ್ಪುವ ತನಕ ಅವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಪಾಪ, ಇಂಥ ಸಾಧ್ವಿಗೆ ಅಂಥ ಗಂಡ ಸಿಕ್ಕನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಬಹಳ ಮರುಕವಿತ್ತು.

ಆ ವರ್ಷ ಮಾತ್ರ ಮರುಕ ಹೋಗಿ ದಿಗಿಲು ಹತ್ತಿತ್ತು. ಒಬ್ಬಳೇ ಮಗಳು ಚಿಕ್ಕಬಸಮ್ಮ. ಕೆಲಸದಲ್ಲಿ ಚುರುಕು, ನೋಡಲು ಲಕ್ಷಣ. ಆದರೂ ಬಂದ ಸಂಬಂಧಗಳೆರಡೂ ಅಪ್ಪನ ಬಾಯಿಗೆ ಸಿಕ್ಕಿ ನುಚ್ಚುನೂರಾಗಿದ್ದವು.

ಮೊದಲ ಸಂಬಂಧ ಬಂದದ್ದು ಕೃಷ್ಣರಾಜನಗರದಿಂದ. ಹೊಳೆ ಉಕ್ಕಿ ಎಡತೊರೆಗೆ ನುಗ್ಗಿ, ಆಮೇಲೆ ಎತ್ತರದಲ್ಲಿ ಹೊಸ ಊರು ಕಟ್ಟಿ ಆ ಹೆಸರಿಟ್ಟು ಇನ್ನೂ ಬಹಳ ವರ್ಷವಾಗಿರಲಿಲ್ಲ. ಗಂಡಿನ ಅಪ್ಪ 'ನಮ್ಮ ಕೃಷ್ಣರಾಜನಗರದಲ್ಲಿ ಬೀದಿಗಳೆಲ್ಲ ನೆಟ್ಟಗವೆ' ಎಂದು ಬಾಯಿ ತಪ್ಪಿ ಹೇಳಿಬಿಟ್ಟ. "ಎಡತೊರೆ ಅನ್ನಿ," ಅಂದ ಮಹದೇವಯ್ಯ. ಮಹಾರಾಜರ ಹೆಸರು ಕಣಪ್ಪ ಅದು, ಅಂದರು. "ಊರಿಗೆ ಎಸ್ರು ಇಟ್ರು ಸರಿ. ಒಳೆಗೆ ಏಳಿದ್ರಾ?" ಅಂದ. ಹೊಳೆಗೆ ಹೇಳಬೇಕೇ ಬೇಡವೇ ಎಂಬುದರ ಮೇಲೆ ಮಾತು ಬೆಳೆದು, ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡದೆಯೇ ಎದ್ದು ಹೋದರು.

ಎರಡನೆಯವರು ಹುಣಸೂರಿನವರು. ಅವರು ತಮ್ಮ ಗಾಡಿಯನ್ನು ಹೊಗಳಿಕೊಂಡದ್ದೇ ತಪ್ಪಾಯಿತು. ಮಹದೇವಯ್ಯ ಪಂಚೆ ಮೇಲೆ ಕಟ್ಟಿ, ಗಾಡಿಯ ಕೆಳಗೆ ಅಂಗಾತ ಮಲಗಿ, 'ಅಚ್ಚು ಸೊಟ್ಟಗದೆ, ಬಂದು ನೋಡಿ' ಎಂದು ಅಲ್ಲಿಂದಲೇ ಕೂಗಿದ. ಬೀಗರಾಗಬೇಕಾದ ಹಿರಿಯರೂ ಹಠಕ್ಕೆ ಬಿದ್ದು ಅವನ ಪಕ್ಕ ಮಲಗಿ ನೋಡಿದರು. ಅಚ್ಚು ಸೊಟ್ಟಗೇ ಇತ್ತು. ಅದೇ ಅವರಿಗೆ ತಡೆಯಲಾಗಲಿಲ್ಲ.

ಹೀಗಿರುವಾಗ ಸಿದ್ದಲಿಂಗಮ್ಮನ ತಮ್ಮ ಗುರುಮಲ್ಲಪ್ಪ ಮೂರನೆಯ ಸಂಬಂಧ ತಂದ. ಹೊಸ ಅಗ್ರಹಾರದ ಕಡೆಯ ಷಣ್ಮುಖಪ್ಪನ ಮಗ ನಂಜಣ್ಣ. ಗದ್ದೆ ಇದೆ, ದನಕರು ಇದೆ, ಹುಡುಗನಿಗೆ ಕೆಟ್ಟ ಚಾಳಿ ಒಂದೂ ಇಲ್ಲ. ಮನೆಯಲ್ಲಿ ನಡೆಯುವುದು ಮಾತ್ರ ಅಜ್ಜಿ ದೊಡ್ಡತಾಯಮ್ಮನ ಮಾತು.

"ಅಕ್ಕಾ, ಇದೊಂದು ತಪ್ಪೋದ್ರೆ ನಾನಿನ್ನು ಗಂಡು ಉಡುಕಿಕೊಂಡು ಓಗಾಕಿಲ್ಲ," ಅಂದ ಗುರುಮಲ್ಲಪ್ಪ. "ಓದ ಕಡೆಯೆಲ್ಲ, 'ಜಗಳಗಂಟನ ಮನೆ ಎಣ್ಣಾ?' ಅಂತ ನಗ್ತಾರೆ. ಇವರ ಕಿವಿಗೆ ಮಾತ್ರ ಅದಿನ್ನೂ ಬಿದ್ದಿಲ್ಲ. ಬಾವನ್ನ ಆವತ್ತೊಂದಿನ ಎಲ್ಲಾದ್ರೂ ಕಳಿಸ್ಬುಡು."

"ಎಣ್ಣಿನ ಅಪ್ಪನೇ ಇಲ್ದೆ ಮಾತುಕತೆ ಆಯ್ತದೇನ್ಲಾ?"

"ಕೋಣೇಲಿ ಕೂಡಾಕವ್ವ," ಅಂದಳು ಒಳಗಿನಿಂದ ಚಿಕ್ಕಬಸಮ್ಮ. "ಗ್ವಾಡೆ ಜೊತೆ ಜಗಳ ಆಡ್ಕಂಡಿರ್ತಾನೆ."

ನಗುತ್ತಲೇ ಹೇಳಿದಳು. ಆದರೆ ಅವಳು ಆ ವಾರವೆಲ್ಲ ಬಾವಿಗೆ ನೀರಿಗೆ ಹೋಗುವಾಗ ಸುತ್ತುಬಳಸಿ ಹೋಗುತ್ತಿದ್ದಳು. ಹುಣಸೂರಿನ ಗಾಡಿಯ ಕಥೆ ಹೇಳಿ ನಗದವರು ಆ ಬೀದಿಯಲ್ಲಿ ಇರಲಿಲ್ಲ. ಇದು ಸಿದ್ದಲಿಂಗಮ್ಮನಿಗೆ ಗೊತ್ತಿತ್ತು. ಅವಳು ಸೀದಾ ಗಂಡನ ಮುಂದೆ ಹೋಗಿ ನಿಂತಳು.

"ನೋಡಿ, ವೀಳ್ಯ ಬದಲಾಯಿಸೋ ತನಕ ನೀವು ಔದು ಅನ್ನಬೇಕು, ಇಲ್ದಿದ್ರೆ ಆಗ್ಲಿ ಬುಡಿ ಅನ್ನಬೇಕು. ಬ್ಯಾರೆ ಮಾತು ಬಾಯಿಂದ ಬರಕೂಡದು."

"ಯಾಕೆ?"

"ನೀವು ಜಗಳಗಂಟ್ರು, ಅದಕ್ಕೆ."

"ಜಗಳಗಂಟ ಅಂದ್ರೇನು ಅಂತ ಮೊದ್ಲು ಏಳು. ನೀರು ಅಂಚೋನು ನೀರಗಂಟಿ. ಅಂಗಾದ್ರೆ ಜಗಳ ಅಂಚೋನು ಜಗಳಗಂಟ. ನಾನು ಯಾರಿಗೆ ಅಂಚಿವ್ನಿ? ಅವರವರೇ ತಕ್ಕಂಡು ಓಯ್ತಾರೆ."

"ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತ ಇರೀಕರು ಸುಮ್ನೆ ಅಂದಿಲ್ಲ."

"ಇರೀಕರಿಗೆ ಏನು ಗೊತ್ತು? ಮಾತು ಬಾರದ ಮೂಗನ ಜೊತೆ ಯಾರಾದ್ರೂ ಜಗಳ ಆಡಿದ್ದ ನೋಡಿದ್ದೀಯಾ? ಮಾತು ಬಲ್ಲೋನಿಗೇ ಕಣಮ್ಮಿ ಜಗಳ ಇರೋದು."

ಸಿದ್ದಲಿಂಗಮ್ಮ ಬಿಡಲಿಲ್ಲ. ಅವನು ಜಗಳಗಂಟ ಹೌದೋ ಅಲ್ಲವೋ ಎಂಬ ವಿಚಾರ ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಗುವ ತನಕ ನಡೆಯಿತು. ಕೊನೆಗೆ ಅವಳು, 'ಮಗಳು ನಿಮ್ಮ ಬಾಯಿಂದಲೇ ಮನೇಲಿ ಕೂತವ್ಳೆ' ಅಂದಳು. ಮಹದೇವಯ್ಯ ಎದ್ದು ಅಂಗಳಕ್ಕೆ ಬಂದು, ಊರ ನೆತ್ತಿಯ ಮೇಲಿದ್ದ ಬೆಟ್ಟಕ್ಕೆ ಕೈಮುಗಿದು, ಸಿಡಿಲು ಮಲ್ಲಯ್ಯನ ಮೇಲೆ ಆಣೆ ಇಟ್ಟ. ಬೇರೆ ದೇವರ ಮೇಲಿನ ಆಣೆಯಾದರೆ ಆಚೀಚೆ ಮಾಡಬಹುದು. ಗುಡಿಗೇ ಸಿಡಿಲು ಎರಗಿಸಿಕೊಳ್ಳುವ ದೇವರ ಹತ್ತಿರ ಹಂಗೆಲ್ಲ ಆಗುವುದಿಲ್ಲ.

"ಕೆಮ್ಮಬೌದಾ?" ಎಂದು ಕೇಳಿದ.

"ಕೆಮ್ಮಿ. ಆದ್ರೆ ಎದುರು ಕೆಮ್ಮಬ್ಯಾಡಿ."

ಬೀಗರ ಗಾಡಿ ಬಂದ ದಿನ ಸಿದ್ದಲಿಂಗಮ್ಮ ಕೋಳಿ ಕೂಗುವ ಮೊದಲೇ ಎದ್ದು ಪಾಯಸಕ್ಕಿಟ್ಟಿದ್ದಳು. ಆ ಕಡೆ ಒಂದು ಪದ್ಧತಿ: ಮಾತು ಒಪ್ಪಿತವಾಗಿ ವೀಳ್ಯ ಬದಲಾಗುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಊಟ ಮಾಡಿದರೆಂದರೆ ಮದುವೆ ಗಟ್ಟಿ. ಪಾತ್ರೆ ಮುಚ್ಚಿದ್ದ ಹಾಗೇ ಉಳಿದರೆ ಅದನ್ನು ಬೀದಿಯವರೆಲ್ಲ ಬಂದು ತಿಂದು, ಸಂತಾಪ ಹೇಳಿ ಹೋಗುತ್ತಾರೆ. ಹುಣಸೂರಿನವರಿಗೆ ಮಾಡಿದ್ದ ಹೋಳಿಗೆಯನ್ನು ಹಾಗೆ ಹಂಚಿ ಸಿದ್ದಲಿಂಗಮ್ಮನಿಗೆ ಸಾಕಾಗಿತ್ತು.

ದೊಡ್ಡತಾಯಮ್ಮ ಕಂಬಳಿಯ ಮೇಲೆ ಕೂತಳು. ಸಣ್ಣ ಮೈಯ ಮುದುಕಿ, ಕಣ್ಣು ಮಾತ್ರ ಗಿಡುಗನ ಕಣ್ಣು. ಪಕ್ಕದಲ್ಲಿ ಮಗ ಷಣ್ಮುಖಪ್ಪ, ಅವನ ಹಿಂದೆ ಮೀಸೆ ತಿರುವಲೋ ಬೇಡವೋ ಎಂದು ಯೋಚಿಸುತ್ತ ನಂಜಣ್ಣ. ಎದುರಿಗೆ ಮಹದೇವಯ್ಯ, ಅವನಿಗೆ ಅಂಟಿಕೊಂಡೇ ಗುರುಮಲ್ಲಪ್ಪ. ಸಿದ್ದಲಿಂಗಮ್ಮ ಅಡುಗೆಮನೆಯ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಳು. ಮಗಳು ಅವಳ ಬೆನ್ನಿಗೆ ನಿಂತಳು. ಜಗಲಿಯ ಮೇಲೆ ಊರ ಜನ ನಾ ಮುಂದು ತಾ ಮುಂದು ಎಂದು ಸೇರಿದ್ದರು. ಜಗಳಗಂಟ ಸುಮ್ಮನೆ ಕೂರುವುದನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಿಮ್ಮೂರ ಬೆಟ್ಟ ದೂರದಿಂದ ಕಂಡಷ್ಟು ದೊಡ್ದಲ್ಲ ಕಣಪ್ಪ," ಅಂದಳು ಅಜ್ಜಿ, ಮಾತಿಗೆ ಮಾತು ಬರಲಿ ಎಂದು.

ಮಹದೇವಯ್ಯನ ಕತ್ತಿನ ನರ ಎದ್ದು ಬಂತು.

"ಔದು," ಅಂದ.

ಗುರುಮಲ್ಲಪ್ಪ ಹಣೆ ಒರೆಸಿಕೊಂಡ. ಸಂದಿಯಲ್ಲಿ ಸಿದ್ದಲಿಂಗಮ್ಮ ಮಲ್ಲಯ್ಯನಿಗೆ ಒಂದು ತೆಂಗಿನಕಾಯಿ ಹೆಚ್ಚಿಗೆ ಹರಸಿಕೊಂಡಳು.

"ಮದುವೆ ನಮ್ಮೂರಲ್ಲೇ ಆಗಬೇಕು," ಅಂದಳು ಅಜ್ಜಿ.

"ಆಗ್ಲಿ ಬುಡಿ."

"ದಿಬ್ಬಣದ ಗಾಡಿ ನೀವೇ ಕಟ್ಟಿಸಬೇಕು."

"ಆಗ್ಲಿ ಬುಡಿ."

"ಬ್ಯಾಡ, ನಾವೇ ಕಟ್ಟಿಸ್ತೀವಿ."

"ಆಗ್ಲಿ ಬುಡಿ."

ಷಣ್ಮುಖಪ್ಪನ ಮುಖ ಅರಳಿತು. ಎಂಥ ಸಜ್ಜನ ಬೀಗ! ಆದರೆ ಅಜ್ಜಿಯ ಮುಖ ಗಂಟಾಯಿತು. ಅವಳ ಊರಿನಲ್ಲಿ ಮಾತುಕತೆ ಅಂದರೆ ಹಗ್ಗ ಜಗ್ಗಿದ ಹಾಗೆ. ಹೆಣ್ಣಿನವರು ಮೊದಲು ಆಗಲ್ಲ ಅನ್ನಬೇಕು, ಗಂಡಿನವರು ಎದ್ದು ಚಪ್ಪಲಿ ಮೆಟ್ಟಬೇಕು, ಹಿರಿಯರು ಹಿಡಿದು ಕೂರಿಸಬೇಕು. ಅವಳ ಮದುವೆಯ ಮಾತುಕತೆಯಲ್ಲಂತೂ ಗಾಡಿ ಊರ ಯಾವ ಬಾಗಿಲಿಂದ ಬರಬೇಕು ಎಂಬುದಕ್ಕೇ ಎರಡು ಹಗಲು ಹಿಡಿದಿತ್ತು. ಮಗಳು ಚಿನ್ನ ಅನ್ನುವವನು ಅಷ್ಟಾದರೂ ಎಳೆಯದೆ ಕೊಡುತ್ತಾನೆಯೇ? ಎಳೆಯದೆ ಕೊಡುವುದು ಕುಂಟು ಎತ್ತನ್ನು.

"ಷಣ್ಮುಕಾ," ಎಂದು ಮಗನ ಕಿವಿಯಲ್ಲಿ ಅಂದಳು. ಅವಳ ಪಿಸುಮಾತು ಜಗಲಿಯ ಆಚೆಗೂ ಕೇಳಿತು. "ಅತಿ ವಿನಯ ದೂರ್ತ ಲಕ್ಷಣ. ಈವಯ್ಯ ಏನೋ ಮುಚ್ತಾವ್ನೆ."

"ಸುಮ್ಕಿರವ್ವ, ಒಳ್ಳೆ ಜನ."

"ನೋಡ್ತಿರು." ಅಜ್ಜಿ ಕಂಬಳಿಯ ಮೇಲೆ ಮುಂದಕ್ಕೆ ಸರಿದಳು. "ಮಾದೇವಪ್ಪಾ, ನಮ್ಮನೆ ಎತ್ತು ಒಂದದೆ. ದಿನಾ ಒಂದು ಚೊಂಬು ಆಲು ಕೊಡ್ತದೆ."

ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು. ಮಹದೇವಯ್ಯನ ಕೈ ಕಂಬಳಿಯ ಎಳೆ ಕೀಳತೊಡಗಿತ್ತು.

"ಔದು," ಅಂದ.

"ಚುಂಚನಕಟ್ಟೇಲಿ ಕಾವೇರಿ ಕೆಳಗಿಂದ ಮ್ಯಾಲಕ್ಕೆ ಅರೀತದೆ."

ಮಹದೇವಯ್ಯ ಕೆಮ್ಮಿದ. ಆ ಕೆಮ್ಮಿನಲ್ಲಿ ಏನೇನಿತ್ತೋ ಅವನಿಗೆ ಗೊತ್ತು, ಸಂದಿಯಲ್ಲಿದ್ದ ಸಿದ್ದಲಿಂಗಮ್ಮನಿಗೆ ಗೊತ್ತು. "ಅರೀಲಿ... ಅಲ್... ಆಗ್ಲಿ ಬುಡಿ," ಅಂದ. ಅವನ ಬೆನ್ನ ಮೇಲೆ ಅಂಗಿ ಒದ್ದೆಯಾಗಿ ಅಂಟಿತ್ತು. ಊರಿನವರಿಗೆ ಮೊದಮೊದಲು ನಗು ಬಂದಿತ್ತು, ಈಗ ನೋಡಲಾಗುತ್ತಿರಲಿಲ್ಲ. ಇಂಥ ಮಾತು ಕೇಳಿಯೂ ಜಗಳಗಂಟ ಸುಮ್ಮನಿರುವುದು ಹಸಿದವನ ಮುಂದಿನ ಎಲೆ ಎಳೆದ ಹಾಗಿತ್ತು.

ಸಿದ್ದಲಿಂಗಮ್ಮನಿಗೆ ಒಳಗೊಳಗೇ ಏನೋ ತಪ್ಪಿದೆ ಅನ್ನಿಸತೊಡಗಿತು. ಎತ್ತಿನ ಹಾಲನ್ನು ಒಪ್ಪಿಕೊಳ್ಳುವ ಮನುಷ್ಯನನ್ನು ಯಾರು ತಾನೇ ನಂಬುತ್ತಾರೆ? ಆದರೆ ಆಣೆ ಹಾಕಿಸಿದವಳು ಅವಳೇ. ಅದನ್ನು ಬಿಡಿಸಬೇಕಾದರೆ ಬೆಟ್ಟ ಹತ್ತಿ ಮಲ್ಲಯ್ಯನಿಗೆ ತಪ್ಪುಕಾಣಿಕೆ ಇಡಬೇಕು. ಅಷ್ಟರಲ್ಲಿ ಬೀಗರು ಹೊಸ ಅಗ್ರಹಾರ ಸೇರಿರುತ್ತಾರೆ.

ದೊಡ್ಡತಾಯಮ್ಮ ಈಗ ಕೊನೆಯ ಕಲ್ಲು ಎಸೆದಳು.

"ನಿಮ್ಮ ಮಗಳಿಗೆ ಕಿವಿ ಕೇಳಾಕಿಲ್ವಂತೆ?"

ಮಹದೇವಯ್ಯ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಮಗಳು ಹುಟ್ಟಿದ ಮೇಲೆ ಅವಳ ಬಗ್ಗೆ ಯಾರು ಒಂದು ಹಗುರ ಮಾತಾಡಿದರೂ ಅವರ ಏಳು ತಲೆಮಾರನ್ನು ಜಾಲಾಡಿ ಬಂದವನು ಅವನು. ಬಾಗಿಲಾಚೆ ಬೆಟ್ಟ ಕಾಣುತ್ತಿತ್ತು. ಅಲ್ಲ ಅಂದರೆ ಆಣೆ ಮುರಿಯುತ್ತದೆ, ಸಿಡಿಲು ಬೀಳುವುದಾದರೆ ಮಗಳ ಬಾಳಿನ ಮೇಲೇ ಬಿದ್ದೀತು. ಅವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಔದು," ಅಂದ. ಅಂದವನೇ ಮುಖ ಆಚೆ ತಿರುಗಿಸಿದ.

"ಕಂಡ್ಯಾ!" ಅಂದಳು ಅಜ್ಜಿ ಮಗನಿಗೆ. "ಇಂಥಾದ್ದು ಇರ್ತದೆ ಅಂತ ನಂಗೆ ಗೊತ್ತಿತ್ತು. ಏಳ್ರಪ್ಪ, ಗಾಡಿ ಕಟ್ಟಿ." ಷಣ್ಮುಖಪ್ಪ ಎದ್ದ. ನಂಜಣ್ಣ ಒಳಬಾಗಿಲ ಕಡೆ ಒಮ್ಮೆ ನೋಡಿ, ಬೇಸರದಿಂದಲೇ ಎದ್ದ. ಗುರುಮಲ್ಲಪ್ಪ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

ಆಗ ಅಡುಗೆಮನೆಯ ಬಾಗಿಲು ಗೋಡೆಗೆ ಬಡಿದ ಸದ್ದಾಯಿತು.

"ಯಾರಿಗೆ ಕಿವಿ ಕೇಳಾಕಿಲ್ಲ?" ಸಿದ್ದಲಿಂಗಮ್ಮ ಸೌಟು ಹಿಡಿದೇ ನಡುಮನೆಗೆ ಬಂದಿದ್ದಳು. ಬೀಗರ ಮುಂದೆ ಹೆಂಗಸರು ಹೀಗೆ ಬರಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಅವಳೇ. "ನನ್ನ ಮಗಳಿಗೆ ಬೀದಿ ಕೊನೇಲಿ ಇರುವೆ ನಡೆದ್ರೂ ಕೇಳ್ತದೆ! ನೀವು ಮಗನ ಕಿವೀಲಿ ಅಂದಿದ್ದು ನಮ್ಮ ಕೊಟ್ಟಿಗೆ ದನಕ್ಕೂ ಕೇಳ್ತು!"

"ಅಂಗಾದ್ರೆ ನಿನ್ನ ಗಂಡ ಯಾಕೆ ಔದು ಅಂದ?"

"ಅಂದ್ರೆ ಅಂದ್ರು. ನೀವು ಕೇಳಿದ್ದು ಸರಿಯಾ? ಬೆಟ್ಟ ದೊಡ್ದಲ್ಲ ಅಂದ್ರಲ್ಲ, ಅತ್ತಿ ನೋಡಿದ್ದೀರಾ? ಅರ್ಧಕ್ಕೆ ಕೂತು ನೀರು ಕೇಳ್ತೀರಿ. ಎತ್ತು ಆಲು ಕೊಡ್ತದಂತೆ! ಕೊಟ್ರೆ ಅದು ಎತ್ತಲ್ಲ, ನಿಮ್ಮನೇಲಿ ಯಾರಿಗೂ ದನ ಗುರುತಾಗಾಕಿಲ್ಲ ಅಂತ ಆಯ್ತು. ಅಂಥ ಮನೆಗೆ ನಾನು ಎಣ್ಣು ಕೊಡಬೇಕಾ?"

"ನಾನು ಎಪ್ಪತ್ತು ವರ್ಸ ದನ ಸಾಕಿವ್ನಿ ಕಣಮ್ಮಿ!"

"ಸಾಕಿದ್ರೆ ಇಂಗಂತಿದ್ರಾ? ಕಾವೇರಿ ಮ್ಯಾಲಕ್ಕೆ ಅರಿಯೋದಾದ್ರೆ ಅಲ್ಲಿ ಅಣೆಕಟ್ಟು ಯಾಕೆ ಕಟ್ಟಿದ್ರು, ನೋಡಾಕಾ? ಇನ್ನು ಮದುವೆ ನಿಮ್ಮೂರಲ್ಲಂತೆ. ಎಣ್ಣಿನ ಮನೆ ಚಪ್ಪರ ಇಲ್ದೆ ಮದುವೆ ಎಲ್ಲಿ ಕಂಡಿದ್ದೀರಿ? ಇಲ್ಲೇ ಆಗಬೇಕು!"

"ಆಗಾಕಿಲ್ಲ!" ಎಂದು ಗುಡುಗಿದಳು ಅಜ್ಜಿ. ಗುಡುಗಿದವಳು ಮತ್ತೆ ಕಂಬಳಿಯ ಮೇಲೆ ಕೂತು ಕಾಲು ಮಡಿಸಿಕೊಂಡಳು.

"ಆಗೇ ಆಗಬೇಕು!" ಸಿದ್ದಲಿಂಗಮ್ಮ ಅವಳೆದುರಿಗೇ ಕೂತಳು.

ಆಮೇಲೆ ನಡೆದದ್ದನ್ನು ಬೆಟ್ಟದಪುರದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಚಪ್ಪರದ ಕಂಬ ಯಾವ ಮರದ್ದು, ಬೀಗಿತ್ತಿಗೆ ಉಡಿಸುವ ಸೀರೆಗೆ ಅಂಚು ಎಷ್ಟಗಲ, ಆರತಿ ಮೊದಲು ಯಾರಿಗೆ, ಹಿಡಿಯುವವರು ಎಡಕ್ಕೆ ನಿಲ್ಲಬೇಕೋ ಬಲಕ್ಕೋ, ಒಂದನ್ನೂ ಇಬ್ಬರೂ ಬಿಡಲಿಲ್ಲ. ಷಣ್ಮುಖಪ್ಪ ಎರಡು ಸಲ ಬಾಯಿ ಹಾಕಲು ಹೋದ. ಎರಡು ಸಲವೂ ಇಬ್ಬರೂ ಒಟ್ಟಿಗೆ "ನೀವು ಸುಮ್ನಿರಿ", "ನೀ ಸುಮ್ಕಿರ್ಲಾ" ಅಂದರು. ಗಾಡಿಯ ಹುಡುಗ ಕಟ್ಟಿದ್ದ ಎತ್ತುಗಳನ್ನು ಮತ್ತೆ ಬಿಚ್ಚಿ ಮೇವು ಹಾಕಿದ. ಇತ್ತ ಬಾಗಿಲ ಸಂದಿ ಈಗ ಬಾಗಿಲೇ ಆಗಿತ್ತಲ್ಲ, ಚಿಕ್ಕಬಸಮ್ಮನೂ ನಂಜಣ್ಣನೂ ಒಬ್ಬರನ್ನೊಬ್ಬರು ಸಾವಕಾಶವಾಗಿ ನೋಡಿಕೊಂಡರು. ಆರತಿಯ ವಿಚಾರ ಬಂದಾಗ ಅವನು ಇವಳ ಕಡೆ ತಿರುಗಿ ನಕ್ಕ, ಇವಳೂ ನಕ್ಕಳು. ಅದನ್ನು ಕಂಡವನು ಮಹದೇವಯ್ಯ ಒಬ್ಬನೇ. ಬಾಯಿಗೆ ಕೆಲಸವಿಲ್ಲದ್ದರಿಂದ ಅವನ ಕಣ್ಣಿಗೆ ಆವತ್ತು ಪುರುಸೊತ್ತಿತ್ತು.

ಕೊನೆಗೆ ಮದುವೆ ಬೆಟ್ಟದಪುರದಲ್ಲಿ, ಚಪ್ಪರ ಎಲ್ಲ ಇಲ್ಲಿನವರದು, ಗಾಡಿ ಅಲ್ಲಿನವರದು ಎಂದಾಯಿತು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಬೊಚ್ಚು ಬಾಯಲ್ಲಿ ನಗು ತುಂಬಿತ್ತು.

"ಷಣ್ಮುಕಾ, ವೀಳ್ಯ ತೆಗಿ," ಅಂದಳು. "ನಮ್ಮತ್ತೆ ಸತ್ತ ಮ್ಯಾಲೆ ಇಂಗೆ ಬಾಯ್ತುಂಬ ಮಾತಾಡಿ ನಂಗೆ ಎಷ್ಟು ವರ್ಸ ಆಗಿತ್ತೋ. ಈ ಮನೆ ಎಣ್ಣೇ ನಮಗೆ ಬೇಕು."

ವೀಳ್ಯ ಬದಲಾಯಿತು. ಸಿದ್ದಲಿಂಗಮ್ಮ ಮಗಳನ್ನು ಹಿಡಿದು ತಂದು ಅಜ್ಜಿಯ ಕಾಲಿಗೆ ಬೀಳಿಸಿದಳು.

ಅಜ್ಜಿ ಹುಡುಗಿಯ ತಲೆ ನೇವರಿಸಿ, ಜಗಲಿಯವರ ಕಡೆ ತಿರುಗಿದಳು. "ಒಳ್ಳೇ ಜೋಡಿ ಕಣ್ರಪ್ಪ ಈ ಮನೇದು. ಗಂಡ ದೇವರಂತೋನು, ಬಾಯೇ ಇಲ್ಲ. ಎಂಡ್ತಿ ಮಾತ್ರ ಜಗಳಗಂಟಿ."

ಜಗಲಿಯ ಮೇಲೆ ಎದ್ದ ನಗು ಬೀದಿಯ ಆ ಕೊನೆಗೆ ಮುಟ್ಟಿತು. ಸಿದ್ದಲಿಂಗಮ್ಮನ ಮುಖ ಕೆಂಪಾಯಿತು. ತಾನು! ತಾನು ಜಗಳಗಂಟಿ! ಇಷ್ಟು ವರ್ಷ ಈ ಮನುಷ್ಯನ ಜೊತೆ, ನೀವು ಜಗಳಗಂಟರು, ನೀವು ಜಗಳಗಂಟರು ಎಂದು ದಿನಾ ಜಗಳವಾಡಿ ತಿದ್ದಲು ನೋಡಿದವಳು ತಾನು!

"ಅಲ್ಲ ಅಂತ ಏಳ್ರೀ ಇವರಿಗೆ," ಎಂದು ಗಂಡನ ಕಡೆ ತಿರುಗಿದಳು. "ವೀಳ್ಯ ಬದಲಾಯ್ತು, ನಿಮ್ಮ ಆಣೆ ತೀರ್ತು. ಈಗ ಬಾಯಿ ಬುಡಿ. ಈ ಮನೇಲಿ ಜಗಳಗಂಟರು ಯಾರು ಅಂತ ನೀವೇ ಏಳಿ."

ಎಲ್ಲರೂ ಮಹದೇವಯ್ಯನನ್ನೇ ನೋಡಿದರು. ಅವನು ಸಾವಕಾಶವಾಗಿ ಅಂಗಿ ಕೊಡವಿಕೊಂಡ, ಗಂಟಲು ಸರಿಮಾಡಿಕೊಂಡ. ಹುಟ್ಟಿದಾಗಿನಿಂದ ಒಬ್ಬರ ಮಾತನ್ನೂ ಒಪ್ಪಿದವನಲ್ಲ. ಈಗ ಯಾವ ಆಣೆಯ ಕಟ್ಟೂ ಇಲ್ಲ.

"ಅವ್ವ ಏಳಿದ್ದೇ ಸರಿ," ಅಂದ.

ಸಿದ್ದಲಿಂಗಮ್ಮ ಬಾಯಿ ತೆರೆದಳು. ಹೇಳಲು ಅವಳ ಹತ್ತಿರ ಒಂದಲ್ಲ, ನೂರು ಮಾತಿತ್ತು. ಆದರೆ ಅಜ್ಜಿ, ಷಣ್ಮುಖಪ್ಪ, ತಮ್ಮ, ಮಗಳು, ಆಗಲಿರುವ ಅಳಿಯ, ಜಗಲಿಯ ತುಂಬ ಊರು, ಎಲ್ಲರೂ ಈಗೇನು ಅಂತಾಳೆ ಎಂದು ಅವಳ ಬಾಯನ್ನೇ ನೋಡುತ್ತಿದ್ದರು. ಒಂದು ಮಾತು ಹೊರಗೆ ಬಿದ್ದರೂ ಆ ಹೆಸರು ಸಾಯುವ ತನಕ ತನಗೇ ಗಟ್ಟಿ ಎಂದು ಅವಳಿಗೆ ಹೊಳೆಯಿತು. ತೆರೆದ ಬಾಯನ್ನು ಮುಚ್ಚಿಕೊಂಡು ಒಳಗೆ ಹೋಗಿ ಎಲೆ ಹಾಕಿದಳು.

ಬೀಗರು ಊಟಕ್ಕೆ ಕೂತರು. ಪಾಯಸ ಬಡಿಸಿದ್ದಾಯಿತು. ಅಜ್ಜಿ ಎರಡನೆಯ ಸಲ ಹಾಕಿಸಿಕೊಂಡಳು. ಮಹದೇವಯ್ಯ ಬೆರಳಿಂದ ಒಂದಿಷ್ಟು ಬಾಯಿಗಿಟ್ಟು, ಚಪ್ಪರಿಸಿ, ಬೀಗರಿಗೆಲ್ಲ ಕೇಳುವ ಹಾಗೆ ಹೆಂಡತಿಗೆ ಹೇಳಿದ:

"ಬೆಲ್ಲ ಕಮ್ಮಿ ಆಗದೆ."

ಆಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಪಂಕ್ತಿಯ ಕೈಗಳೆಲ್ಲ ಎಲೆಯ ಮೇಲೇ ನಿಂತವು. ಸಿದ್ದಲಿಂಗಮ್ಮ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ, ಬೆಲ್ಲದ ಇಡೀ ಅಚ್ಚೊಂದನ್ನು ತಂದು, ಅವನ ಎಲೆಯ ನಡುವೆ ದೊಪ್ಪನೆ ಇಟ್ಟು, ಒಂದೇ ಒಂದು ಮಾತೂ ಆಡದೆ ಮುಂದಿನ ಎಲೆಗೆ ಹೋದಳು.